ಹದಿನಾಲ್ಕು ಅಧ್ಯಕ್ಷರು

ನಮ್ಮ ತೆಂಗು ಬೆಳೆಗಾರರ ಸಂಘದಲ್ಲಿ ಒಟ್ಟು ಹದಿನಾಲ್ಕು ಕಂಪ್ಯೂಟರುಗಳಿದ್ದವು. ಹದಿಮೂರು ಕೆಲಸ ಮಾಡುತ್ತಿದ್ದವು, ಒಂದಕ್ಕೆ ಪೂಜೆಯಾಗುತ್ತಿತ್ತು. ಆ ಒಂದು ಇದ್ದದ್ದು ಅರಸೀಕೆರೆಯ ಮುಖ್ಯ ಕಚೇರಿಯಲ್ಲಿ, ಅಧ್ಯಕ್ಷ ಕೆಂಚಪ್ಪನವರ ಕೋಣೆಯಲ್ಲಿ. ಅದಕ್ಕೆ ಅವರ ಹೆಂಡತಿ ಜರಿಯಂಚಿನ ಹೊದಿಕೆ ಹೊಲಿದುಕೊಟ್ಟಿದ್ದರು. ಶುಕ್ರವಾರ ಬಂತೆಂದರೆ ಜವಾನ ಅದರ ನೆತ್ತಿಗೆ ಕುಂಕುಮ ಇಟ್ಟು ಚೆಂಡುಹೂ ಸಿಕ್ಕಿಸುತ್ತಿದ್ದ. ಕೆಂಚಪ್ಪನವರು ದಿನಕ್ಕೊಮ್ಮೆ ಹೊದಿಕೆ ಸರಿಸಿ, ತಾವೇ ಗುಂಡಿ ಒತ್ತಿ, ಪರದೆಯ ಮೇಲೆ ತಮ್ಮ ಫೋಟೊ ಮೂಡುವವರೆಗೆ ಕಾಯುತ್ತಿದ್ದರು. ಪೇಟ ಸುತ್ತಿ, ಶಾಲು ಹೊದ್ದು, ಯಾರಿಂದಲೋ ಹಣ್ಣಿನ ಬುಟ್ಟಿ ಈಸಿಕೊಳ್ಳುತ್ತಿರುವ ಫೋಟೊ ಅದು. ಅದನ್ನು ಕಣ್ತುಂಬ ನೋಡಿ, ಆಫ್ ಮಾಡಿ, ಮತ್ತೆ ಹೊದಿಕೆ ಹೊದಿಸುತ್ತಿದ್ದರು. ಸಂಘದ ಗಣಕೀಕರಣದಲ್ಲಿ ಅವರ ಪಾಲು ಇಷ್ಟು.

ಮಿಕ್ಕ ಹದಿಮೂರರಲ್ಲಿ ಒಂದರ ಮುಂದೆ ಕೂರುತ್ತಿದ್ದವಳು ನಾನು, ಶ್ಯಾಮಲಾ. ರೈತರು ಕೊಬ್ಬರಿ ಚೀಲ ತಂದು ತೂಗಿಸಿದರೆ, ತೂಕ ಹೊಡೆದು ಚೀಟಿ ಕೊಡುವುದು ನನ್ನ ಕೆಲಸ. ಆ ಚೀಟಿ ಇಲ್ಲದೆ ಕೊಬ್ಬರಿ ಹರಾಜಿಗೆ ಹೋಗುವಂತಿಲ್ಲ. ಏಳು ವರ್ಷದಿಂದ ದಿನಗೂಲಿಯಲ್ಲಿದ್ದೆ. ದಿನಗೂಲಿಯವರಿಗೆ ರಜೆ ಎಂಬುದಿಲ್ಲ. ಜ್ವರ ಬಂದರೆ ಅವತ್ತಿನ ಕೂಲಿಯೂ ಹೋಯಿತು. ಪ್ರತಿ ವರ್ಷ ಸರ್ವಸದಸ್ಯರ ಸಭೆ ಹತ್ತಿರ ಬಂದಾಗ ಕಾರ್ಯದರ್ಶಿ ಇಂದುಧರ, "ಈ ಸಲ ನಿಮ್ಮದು ಕಾಯಂ ಆಗೋ ಹಾಗೆ ಕಾಣುತ್ತೆ ಶ್ಯಾಮಲಮ್ಮ" ಎಂದು ನನ್ನ ಮೂಗಿಗೆ ತುಪ್ಪ ಹಚ್ಚಿ ಹೋಗುತ್ತಿದ್ದರು. ಏಳು ವರ್ಷದ ತುಪ್ಪಕ್ಕೆ ನನ್ನ ಮೂಗು ಜಾರುಬಂಡೆಯಾಗಿತ್ತು.

ಆದರೂ ನನಗೆ ಆ ಕೆಲಸ ಬೇಕಿತ್ತು. ಗಂಡನ ಮನೆ ಬಿಟ್ಟು ಬಂದವಳು ನಾನು. ಅರಸೀಕೆರೆಯಲ್ಲಿ ಒಂದು ಬಾಡಿಗೆ ಕೋಣೆ, ನನ್ನ ಹೆಸರಿನದೇ ಗ್ಯಾಸ್ ಸಿಲಿಂಡರ್, ಬಾಗಿಲಿಗೆ ನನ್ನದೇ ಬೀಗ. ಕೆಲಸ ಹೋದರೆ ಬಿಕ್ಕೋಡಿನ ಅಣ್ಣನ ಮನೆಗೆ ಹೋಗಬೇಕು. ಕಾಫಿ ತೋಟಗಳ ಮಧ್ಯದಲ್ಲಿರುವ ಊರದು, ಆದರೆ ನಮ್ಮತ್ತಿಗೆಯ ಅಡುಗೆಮನೆಯಲ್ಲಿ ಒಂದು ಲೋಟ ಕಾಫಿ ಬೇಕೆಂದರೆ ಮುಖ ನೋಡಿಕೊಂಡು ಕೇಳಬೇಕು. ಅಲ್ಲಿಗೆ ಹೋಗುವುದಕ್ಕಿಂತ ಹದಿನಾಲ್ಕು ಕಂಪ್ಯೂಟರಿಗೂ ನಾನೇ ಕುಂಕುಮ ಇಡುತ್ತಾ ಕೂರಲು ತಯಾರಿದ್ದೆ.

ಎರಡು ಸಾವಿರದ ನಾಲ್ಕನೇ ಇಸವಿಯಲ್ಲಿ, ಹಳೆಯ ತೊಂಬತ್ತೆಂಟರ ಸಾಫ್ಟ್‌ವೇರ್ ತೆಗೆದು ಎಲ್ಲ ಕಂಪ್ಯೂಟರಿಗೂ ಹೊಸ ಎಕ್ಸ್‌ಪಿ ಹಾಕಿಸಬೇಕೆಂದು ಆಡಳಿತ ಮಂಡಳಿಗೆ ಜ್ಞಾನೋದಯವಾಯಿತು. ಪಕ್ಕದ ತಾಲ್ಲೂಕಿನ ಸಂಘ ಹಾಕಿಸಿತ್ತು, ಅದಕ್ಕೆ. ಹಾಸನದಿಂದ ಮಧುಕುಮಾರ್ ಎಂಬ ಎಂಜಿನಿಯರ್ ಬಂದರು. ಅರಸೀಕೆರೆ ಕಚೇರಿ, ಬೇಲೂರು ಶಾಖೆ, ಹಳೇಬೀಡು ಶಾಖೆ ಮೂರನ್ನೂ ಸುತ್ತಿ ನೋಡಿ, ದೊಡ್ಡ ಹಾಳೆಯಲ್ಲಿ ಯೋಜನೆ ಬರೆದು ತಂದು ಸಭೆಯಲ್ಲಿ ಬಿಚ್ಚಿದರು. ಚೀಟಿ ಕೊಡುವವಳೂ ಇರಲಿ ಎಂದು ನನ್ನನ್ನೂ ಕರೆದು ಮೂಲೆಯ ಸ್ಟೂಲಿನ ಮೇಲೆ ಕೂರಿಸಿದ್ದರು.

"ಮೊದಲು ಯಾವುದಾದರೂ ಒಂದು ಶಾಖೆಯಲ್ಲಿ ಹಾಕಿ ನೋಡೋಣ" ಎಂದರು ಮಧುಕುಮಾರ್. "ತೊಂದರೆ ಬಂದರೆ ಅಲ್ಲೇ ಸರಿಮಾಡಿಕೊಂಡು, ಆಮೇಲೆ ಉಳಿದ ಕಡೆ."

ಪಾಪ, ಅವರು ಓದಿದ್ದು ಕಂಪ್ಯೂಟರ್. ನಮ್ಮ ಕಡೆ 'ಮೊದಲು' ಎಂದರೆ ಏನೆಂದು ಯಾವ ಕಾಲೇಜಿನಲ್ಲಿ ಹೇಳಿಕೊಡುತ್ತಾರೆ. ಮೊದಲ ತೀರ್ಥ ಯಾರಿಗೆ, ಮೊದಲ ವೀಳ್ಯ ಯಾರ ಕೈಗೆ ಎಂದು ತಲೆಮಾರುಗಳಿಂದ ಮುಖ ತಿರುಗಿಸಿಕೊಂಡ ಮನೆತನಗಳಿವೆ. ಬೇಲೂರಿನವರು, ದೇವರಿರುವ ಊರು ತಮ್ಮದು, ಮೊದಲ ಮರ್ಯಾದೆ ತಮಗೇ ಸಲ್ಲಬೇಕು ಎಂದರು. ಹಳೇಬೀಡು ಶಾಖೆ ನೋಡಿಕೊಳ್ಳುವ ಬಸ್ತಿಹಳ್ಳಿಯ ಹುಚ್ಚಣ್ಣ ಎದ್ದು ನಿಂತ.

"ಸ್ವಾಮಿ, ಒಂದ್ ಮಾತು ಬಿಡಿಸಿ ಹೇಳ್ಬುಡಿ. ಮೊದ್ಲು ಹಾಕೋದು ಮರ್ಯಾದೆಗೋ, ಬಲಿಗೋ? ಮರ್ಯಾದೆ ಆದ್ರೆ ಹಳೇಬೀಡಿಂದ ಶುರು ಮಾಡಿ. ಬಲಿ ಆದ್ರೆ ಬೇಲೂರೇ ಸರಿ."

ಇದರ ಮೇಲೆ ಒಂದು ಗಂಟೆ ಮಾತಾಯಿತು, ಎರಡು ಸಲ ಟೀ ಬಂತು. ಕೊನೆಗೆ ಮಧುಕುಮಾರ್ ಸೋತು ಇನ್ನೊಂದು ದಾರಿ ಹೇಳಿದರು. ಒಂದು ಕಂಪ್ಯೂಟರನ್ನು ಸಂಪೂರ್ಣವಾಗಿ ಸಿದ್ಧಮಾಡುವುದು, ಅದರ ಅಚ್ಚು ತೆಗೆಯುವುದು, ಆ ಅಚ್ಚನ್ನು ಮಿಕ್ಕ ಹದಿಮೂರಕ್ಕೂ ಒತ್ತುವುದು. ಬೆಲ್ಲದಚ್ಚಿದ್ದ ಹಾಗೆ, ಎಲ್ಲ ಒಂದೇ ಆಕಾರ, ಎಲ್ಲ ಒಂದೇ ದಿನ. ಮೊದಲು ಕೊನೆ ಎಂಬ ಜಗಳವೇ ಇಲ್ಲ. ಎಲ್ಲರೂ ತಲೆಯಾಡಿಸಿದರು.

"ಅಚ್ಚು ತೆಗೆಯೋಕೆ ಶ್ಯಾಮಲಾ ಅವರ ಕಂಪ್ಯೂಟರ್ ಒಳ್ಳೆಯದು. ಚೀಟಿ ಕೆಲಸ ಪೂರ್ತಿ ಅದರಲ್ಲೇ ಇದೆ" ಎಂದರು ಮಧುಕುಮಾರ್.

ಕೆಂಚಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಏನಪ್ಪಾ ಎಂಜಿನಿಯರ್ರು, ದಿನಗೂಲಿ ಹೆಣ್ಮಗಳ ಮಿಷನ್ನಾಗೆ ಅಚ್ಚು ತೆಗ್ದು ಅಧ್ಯಕ್ಷನ ಮಿಷನ್ನಿಗೆ ಒತ್ತೀಯಾ? ಊರೋರು ಕೇಳಿದ್ರೆ ಏನಂದಾರು. ನಂದ್ರಲ್ಲಿ ತೆಗಿ."

ಹಾಗೆ ಪೂಜೆಯ ಕಂಪ್ಯೂಟರು ಮೂಲ ಕಂಪ್ಯೂಟರಾಯಿತು. ಮಧುಕುಮಾರ್ ಅದಕ್ಕೆ ಎಕ್ಸ್‌ಪಿ ಹಾಕಿ, ನಮ್ಮ ಚೀಟಿಯ ಪ್ರೋಗ್ರಾಮನ್ನೂ ಹಾಕಿ, ಹದಿನೈದು ದಿನ ಪರೀಕ್ಷೆಗೆ ಬಿಟ್ಟರು. ಆ ಹದಿನೈದು ದಿನದಲ್ಲಿ ಒಂದೇ ಒಂದು ದೂರು ಬರಲಿಲ್ಲ. ಬರುವುದಾದರೂ ಹೇಗೆ. ಗರ್ಭಗುಡಿಯ ಮೂರ್ತಿಗೆ ಸೊಂಟನೋವು ಬಂದದ್ದನ್ನು ಯಾರೂ ಕೇಳಿಲ್ಲ. 'ಪರೀಕ್ಷೆ ಸಂಪೂರ್ಣ ಯಶಸ್ವಿ' ಎಂದು ಇಂದುಧರ ಬರೆದರು, ನಾನು ಟೈಪ್ ಮಾಡಿದೆ.

ಅಚ್ಚು ತೆಗೆಯುವ ದಿನ ಇನ್ನೊಂದು ಸಣ್ಣ ಸಂಗತಿ ನಡೆಯಿತು. ಆ ಕಂಪ್ಯೂಟರಿನ ಬಳಕೆದಾರರ ಹೆಸರು 'ಅಧ್ಯಕ್ಷರು' ಎಂದಿತ್ತು. ಅಚ್ಚಿಗೆ ಮುಂಚೆ ಅದನ್ನು ಅಳಿಸಬೇಕು, ಆಮೇಲೆ ಅವರವರ ಯಂತ್ರಕ್ಕೆ ಅವರವರ ಹೆಸರು ಕೊಟ್ಟರಾಯಿತು ಎಂದು ಮಧುಕುಮಾರ್ ವಿವರಿಸಿದರು. ಕೆಂಚಪ್ಪನವರ ಮುಖ ಕಪ್ಪಿಟ್ಟಿತು.

"ಅಳಿಸೋದಾ? ಬದುಕಿರೋನ ಹೆಸರ ಅಳಿಸ್ತಾರೇನಪ್ಪ? ನಿಮ್ಮನೇಲಿ ದೊಡ್ಡೋರು ಯಾರೂ ಇಲ್ವಾ?"

ಮಧುಕುಮಾರ್ ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ. ದಿನಗೂಲಿಯವರು ಅಪಶಕುನದ ವಿಷಯದಲ್ಲಿ ಬಾಯಿ ಹಾಕಬಾರದು. ಹೆಸರು ಹಾಗೇ ಉಳಿಯಿತು, ಫೋಟೊ ಉಳಿಯಿತು, ಅಚ್ಚು ತೆಗೆದದ್ದಾಯಿತು. ಭಾನುವಾರ ಮಧುಕುಮಾರ್ ಸಿ.ಡಿ. ಕಟ್ಟು ಹಿಡಿದು ಮೂರೂ ಊರು ಸುತ್ತಿ ಎಲ್ಲದಕ್ಕೂ ಒತ್ತಿ ಹೋದರು.

ಸೋಮವಾರ ಹಬ್ಬದ ರಜೆ, ಮಂಗಳವಾರ ಹರಾಜಿನ ದಿನ. ಬೆಳಿಗ್ಗೆ ನಾನು ಗುಂಡಿ ಒತ್ತಿದರೆ, ಪೇಟ ಸುತ್ತಿಕೊಂಡ ಕೆಂಚಪ್ಪನವರು ಹಣ್ಣಿನ ಬುಟ್ಟಿ ಸಮೇತ ಎದುರಿಗೆ ಬಂದರು. ಪಕ್ಕದ ಮೇಜಿನಲ್ಲೂ ಅವರೇ. ಅದರಾಚೆಯೂ ಅವರೇ. ಕಣಕಟ್ಟೆಯ ಗಿಡ್ಡಪ್ಪ ಕೊಬ್ಬರಿ ಚೀಲ ಇಳಿಸಿ ಕೌಂಟರಿಗೆ ಬಂದವನು ಸಾಲಾಗಿ ನೋಡಿದ.

"ಇದೇನವ್ವ, ಎಲೆಕ್ಷನ್ ಬಂತಾ?"

"ಇಲ್ಲ ಗಿಡ್ಡಪ್ಪ, ಹೊಸ ಸಿಸ್ಟಮ್" ಎಂದು ಅವನ ತೂಕ ಹೊಡೆದು ಪ್ರಿಂಟ್ ಕೊಟ್ಟೆ. ನನ್ನ ಪಕ್ಕದ ಹಳೆಯ ಪ್ರಿಂಟರ್ ಸುಮ್ಮನಿತ್ತು. ಮತ್ತೆ ಕೊಟ್ಟೆ, ಆಗಲೂ ಸುಮ್ಮನಿತ್ತು. ಆದರೆ ಎಲ್ಲೋ ಒಳಗೆ ಸರಸರ ಸದ್ದು ಕೇಳಿಸಿತು. ಕಿವಿಗೊಟ್ಟರೆ, ಬೀಗ ಹಾಕಿದ ಅಧ್ಯಕ್ಷರ ಕೋಣೆಯಿಂದ. ಅವರ ಕಂಪ್ಯೂಟರು ಪ್ರಿಂಟ್ ಕಳಿಸುತ್ತಿದ್ದದ್ದು ಅವರ ಕೋಣೆಯಲ್ಲಿ ಸದಾ ಆನ್ ಇರುತ್ತಿದ್ದ ದೊಡ್ಡ ಪ್ರಿಂಟರಿಗೆ. ಅಚ್ಚಿನಲ್ಲಿ ಅದೂ ಬಂದಿತ್ತು. ಈಗ ಎಲ್ಲರೂ ಅಧ್ಯಕ್ಷರಾದ್ದರಿಂದ, ಫೋನ್ ಲೈನಿನಲ್ಲಿ ನಮಗೆ ಸೇರಿದ್ದ ಶಾಖೆಗಳದೂ ಸೇರಿ, ಎಲ್ಲರ ಚೀಟಿಯೂ ಅಲ್ಲೇ ಬೀಳುತ್ತಿತ್ತು. ಕೆಂಚಪ್ಪನವರು ಬೀಗರ ಮನೆಯ ಗೃಹಪ್ರವೇಶಕ್ಕೆಂದು ತಿಪಟೂರಿಗೆ ಹೋಗಿದ್ದರು. ಕೀ ಅವರ ಜೇಬಿನಲ್ಲಿತ್ತು.

ಕಿಟಕಿಯಿಂದ ಇಣುಕಿ ನೋಡಿದೆವು. ಪ್ರಿಂಟರ್ ಒಂದೊಂದೇ ಚೀಟಿಯನ್ನು ಗಂಭೀರವಾಗಿ ಉಗುಳುತ್ತಿತ್ತು, ಅವು ಜಾರಿ ನೆಲಕ್ಕೆ ಬೀಳುತ್ತಿದ್ದವು. ಹೊರಗೆ ರೈತರು, ಒಳಗೆ ಚೀಟಿ, ನಡುವೆ ಕಿಟಕಿಯ ಸರಳು. ಗಿಡ್ಡಪ್ಪ ಎಲ್ಲಿಂದಲೋ ಕಾಯಿ ಕೀಳುವ ದೋಟಿ ತಂದ. ಅದರ ತುದಿಗೆ ಕಚೇರಿಯ ಅಂಟು ಹಚ್ಚಿ, ಕಿಟಕಿಯಿಂದ ತೂರಿಸಿ ರೈತರು ಚೀಟಿ ಎತ್ತತೊಡಗಿದರು. ನಾನು ಒಂದೊಂದನ್ನೇ ಬಿಡಿಸಿ ಹೆಸರು ಕೂಗುತ್ತಿದ್ದೆ. ಸಂಘದ ಆಧುನೀಕರಣ ಆ ಮಟ್ಟಕ್ಕೆ ಮುಟ್ಟಿತ್ತು.

ಅಷ್ಟರಲ್ಲಿ ಹಳೇಬೀಡಿನಿಂದ ಫೋನು. "ಶ್ಯಾಮಲಮ್ಮಾರೇ, ನಾನು ಹುಚ್ಚಣ್ಣ. ಇಲ್ಲಿ ಜನ ನನ್ನ ಹರ್ಕೊಂಡ್ ತಿಂತಾವ್ರೆ. ಲೈನ್ ಸೇರಿಸಿ ಚೀಟಿ ಹೊಡುದ್ರೆ ಒಂದೂ ಈಚೆಗ್ ಬತ್ತಿಲ್ಲ. ಎಲ್ಲೋದ್ವು?"

"ಅಧ್ಯಕ್ಷರ ಕೋಣೆಗೆ ಬಿದ್ದಿವೆ ಹುಚ್ಚಣ್ಣಾರೆ. ದೋಟಿಯಲ್ಲಿ ಎತ್ತಿಸಿ ಬಸ್ಸಿಗೆ ಕೊಟ್ಟು ಕಳಿಸ್ತೀನಿ."

"ಅಂದ್ರೆ ಇದು ಬಲಿನೇ ಅನ್ನಿ" ಎಂದು ಫೋನಿಟ್ಟ.

ಸಂಜೆ ಹಾಸನದಿಂದ ಮಧುಕುಮಾರ್ ಓಡಿಬಂದರು, ತಿಪಟೂರಿನಿಂದ ಕೆಂಚಪ್ಪನವರೂ ಬಂದರು. ಈಗ ಯಾರ ತಲೆ ಹೋಗುತ್ತದೋ ಎಂದು ನಾವೆಲ್ಲ ಗೋಡೆಗೆ ಅಂಟಿಕೊಂಡೆವು. ಕೆಂಚಪ್ಪನವರು ಬೀಗ ತೆಗೆದು, ನೆಲದ ತುಂಬ ಬಿದ್ದ ಚೀಟಿಗಳ ಮಧ್ಯೆ ನಿಂತು, ಒಂದನ್ನೆತ್ತಿ ಕಣ್ಣ ಹತ್ತಿರ ಹಿಡಿದರು.

"ಇದು ಬೇಲೂರಿಂದಾ?"

"ಹೌದು ಸಾರ್" ಎಂದರು ಮಧುಕುಮಾರ್. "ಹೆಸರು, ಪ್ರಿಂಟರ್ ಎಲ್ಲ ಬದಲಾಯಿಸಿಬಿಟ್ರೆ ನಾಳೆಯಿಂದ ಸರಿಹೋಗುತ್ತೆ."

"ಯಾಕಪ್ಪ ಬದಲಾಯಿಸೋದು? ಮೂರೂರಿನ ಚೀಟಿನೂ ನನ್ನ ಟೇಬಲ್ ಮ್ಯಾಲೆ ಬತ್ತೈತೆ. ಒಂದೂ ನನ್ನ ಕಣ್ತಪ್ಪಿ ಹೋಗಂಗಿಲ್ಲ. ಚೆನ್ನಾಗೇ ಐತೆ."

ಮುಂದಿನ ವಾರವೇ ಅದಕ್ಕೆ ಠರಾವು ಆಯಿತು. ತಪ್ಪಿಗೆ 'ಕೇಂದ್ರೀಕೃತ ಮುದ್ರಣ ವ್ಯವಸ್ಥೆ' ಎಂದು ನಾಮಕರಣ ಮಾಡಿದರು. ಯಂತ್ರಗಳು ತಮ್ಮತಮ್ಮಲ್ಲಿ ಕಿತ್ತಾಡದಿರಲೆಂದು ಮಧುಕುಮಾರ್ ಅವಕ್ಕೆ ಒಳಗೊಳಗೇ ಬೇರೆ ಬೇರೆ ನಂಬರು ಕೊಟ್ಟು, ಬಳಕೆದಾರರ ಹೆಸರನ್ನು ಮಾತ್ರ ಮುಟ್ಟದೆ, ಕೈಮುಗಿದು ಹಾಸನದ ಬಸ್ಸು ಹತ್ತಿದರು. ಅವರನ್ನು ನಾನು ಮತ್ತೆ ನೋಡಲಿಲ್ಲ. ಕೋಣೆಯ ಬೀಗದ ಕೀ ಈಗ ಜವಾನನ ಕೈಗೆ ಬಂತು. ಅವನು ದಿನವಿಡೀ ಒಳಗಿಂದ ಚೀಟಿ ತಂದುಕೊಡುತ್ತಿದ್ದ. ಬೇಲೂರು, ಹಳೇಬೀಡಿನ ಚೀಟಿಗಳು ಬಸ್ಸಿನಲ್ಲಿ ಕಂಡಕ್ಟರನ ಪಕ್ಕ ಕೂತು ಊರು ಸೇರುತ್ತಿದ್ದವು.

ಕೆಂಚಪ್ಪನವರಿಗೂ ಒಂದು ಕೆಲಸ ಸಿಕ್ಕಿತ್ತು. ತಮ್ಮ ಟ್ರೇಗೆ ಬಂದದ್ದಕ್ಕೆಲ್ಲ ಹಸಿರು ಶಾಯಿಯಲ್ಲಿ ಸಹಿ ಹಾಕುವುದು. ತೂಕದ ಚೀಟಿಗೆ ಅಧ್ಯಕ್ಷರ ಸಹಿ ಬೇಡವೇ ಬೇಡ. ಆದರೂ ಫೋನಿನಲ್ಲಿ ಬೋರ್‌ವೆಲ್ ಮಾತಾಡುತ್ತಾ ಹಾಕುತ್ತಾ ಹೋಗುತ್ತಿದ್ದರು. ಓದುವ ದುರಭ್ಯಾಸ ಅವರಿಗಿರಲಿಲ್ಲ. ಒಂದು ಸಲ ಪ್ರಿಂಟರ್ ತಾನಾಗಿ ಉಗುಳಿದ ಪರೀಕ್ಷೆಯ ಹಾಳೆಗೂ ಸಹಿ ಹಾಕಿದ್ದರು. ಜವಾನ ಅದಕ್ಕೆ ಸೀಲನ್ನೂ ಒತ್ತಿದ್ದ.

ಈ ನಡುವೆ ನಾನು ಒಂದನ್ನು ಗಮನಿಸಿದೆ. ಮೊದಲು ನನ್ನ ಚೀಟಿಗಳ ಕೆಳಗೆ 'ಸಿದ್ಧಪಡಿಸಿದವರು: ಶ್ಯಾಮಲಾ' ಎಂದು ಬರುತ್ತಿತ್ತು. ಈಗ ಚೀಟಿಯಿರಲಿ, ಪತ್ರವಿರಲಿ, ಯಾರು ಯಾವ ಊರಲ್ಲಿ ಕೂತು ಹೊಡೆದರೂ 'ಸಿದ್ಧಪಡಿಸಿದವರು: ಅಧ್ಯಕ್ಷರು' ಎಂದೇ ಮೂಡುತ್ತಿತ್ತು. ಇಂದುಧರರಿಗೆ ಹೇಳಿದೆ. "ಇರಲಿ ಬಿಡಿ ಶ್ಯಾಮಲಮ್ಮ, ಹೆಸರಿನಲ್ಲಿ ಏನಿದೆ" ಎಂದರು. ಹೆಸರಿನಲ್ಲಿ ಏನಿದೆ ಎನ್ನುವುದು ಸರ್ವಸದಸ್ಯರ ಸಭೆಯಲ್ಲಿ ಗೊತ್ತಾಯಿತು.

ಆ ವರ್ಷದ ಸಭೆಯಲ್ಲಿ ಇಂದುಧರ ಹೊಸ ಕಂಪ್ಯೂಟರ್ ವರದಿ ಓದಿದರು. ಯಾರು ಎಷ್ಟು ಕೆಲಸ ಮಾಡಿದ್ದಾರೆಂದು ಯಂತ್ರವೇ ಲೆಕ್ಕ ಕೊಡುತ್ತದೆ, ಅದರಲ್ಲಿ ಮುಲಾಜಿಲ್ಲ ಎಂದು ಪೀಠಿಕೆ ಹಾಕಿ, ಹೊಸ ವ್ಯವಸ್ಥೆ ಬಂದ ಮೇಲೆ ಮೂರೂ ಊರಿನ ಎಲ್ಲ ಚೀಟಿಗಳನ್ನೂ ಸ್ವತಃ ಅಧ್ಯಕ್ಷರೇ ಸಿದ್ಧಪಡಿಸಿದ್ದಾರೆ ಎಂದು ಘೋಷಿಸಿದರು. ಚಪ್ಪಾಳೆ ಬಿತ್ತು. ಕೆಂಚಪ್ಪನವರಿಗೆ ಮತ್ತೊಂದು ಶಾಲು, ಮತ್ತೊಂದು ಪೇಟ, ಮತ್ತೊಂದು ಬುಟ್ಟಿ ಹಣ್ಣು. ಅವರು ಮೈಕಿನ ಮುಂದೆ ಬಂದು ತಲೆ ತಗ್ಗಿಸಿದರು.

"ಏನೋ ನನ್ನ ಕೈಲಾದ್ದು ಮಾಡೀನಿ. ರೈತರ ಸೇವೆ ಅಂದ್ರೆ ಬೆರಳು ಸವೀಬೇಕು."

ಮುಂದಿನ ವಿಷಯ ನನ್ನದು. ಅದೇ ವರದಿಯ ಪ್ರಕಾರ ಆಪರೇಟರ್ ಶ್ಯಾಮಲಾ ಸಿದ್ಧಪಡಿಸಿದ ಚೀಟಿ ಸೊನ್ನೆ. ಹೀಗಿರುವಾಗ ಕಾಯಂ ಮಾಡುವ ಮಾತು ಹಾಗಿರಲಿ, ಈ ಹುದ್ದೆಯಾದರೂ ಯಾಕೆ ಎಂದು ಮಂಡಳಿಯವರು ಕೇಳಿದರು. ತಿಂಗಳ ಕೊನೆಗೆ ಬಿಡುಗಡೆ ಮಾಡುವುದೆಂದು ತೀರ್ಮಾನವಾಯಿತು.

ನಾನು ಎದ್ದು ನಿಂತೆ. "ಆ ಚೀಟಿಗಳನ್ನು ಹೊಡೆದವಳು ನಾನು ಸಾರ್. ನಿಮಗೇ ಗೊತ್ತಲ್ಲ."

"ಗೊತ್ತು ಶ್ಯಾಮಲಮ್ಮ" ಎಂದರು ಇಂದುಧರ, ನಿಜವಾಗಲೂ ನೊಂದವರಂತೆ. "ಆದರೆ ಕಂಪ್ಯೂಟರ್ ಹಾಗೆ ಹೇಳ್ತಾ ಇಲ್ಲವಲ್ಲ."

ಕೆಂಚಪ್ಪನವರ ಕಡೆ ತಿರುಗಿದೆ. ಒಂದು ಮಾತು ಅವರು ಆಡಿದ್ದರೆ ಸಾಕಿತ್ತು. ಅವರು ಶಾಲಿನ ಕುಚ್ಚು ಎಣಿಸುತ್ತಿದ್ದರು.

ಮನೆಗೆ ಬಂದು ಅತ್ತೆ. ಸಿಲಿಂಡರ್ ನೋಡಿಕೊಂಡು ಅತ್ತೆ, ಬೀಗ ನೋಡಿಕೊಂಡು ಅತ್ತೆ, ಅತ್ತಿಗೆಯ ಮುಖ ನೆನೆಸಿಕೊಂಡು ಇನ್ನೊಂದಿಷ್ಟು ಅತ್ತೆ. ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಆ ಸಿಟ್ಟು ಬೆಳಿಗ್ಗೆ ಕಾಫಿ ಕುಡಿದ ಮೇಲೂ ಇಳಿಯಲಿಲ್ಲ.

ಮಾರನೆಯ ದಿನ ಇಂದುಧರ ನನ್ನ ಮೇಜಿನ ಹತ್ತಿರ ಬಂದು ಕೆಮ್ಮಿದರು. "ಒಂದು ಬಿಡುಗಡೆ ಆದೇಶ ಟೈಪ್ ಆಗಬೇಕಿತ್ತು."

"ಯಾರದು ಸಾರ್?"

"ನಿಮ್ಮದೇ. ಬೇರೆ ಯಾರಿಗೂ ಕನ್ನಡ ಟೈಪಿಂಗ್ ಬರೋದಿಲ್ಲವಲ್ಲ." ಬೇಜಾರು ಮಾಡಿಕೊಳ್ಳಬೇಡಿ ಎಂದೂ ಸೇರಿಸಿದರು. ಸಂಸ್ಕಾರವಂತರು.

ಕೆಲಸವೇ ಮಾಡದವಳ ಕೈಯಲ್ಲಿ ಕೊನೆಯ ಕೆಲಸ. ಪರದೆಯ ಮೇಲೆ ಕೆಂಚಪ್ಪನವರು ಬುಟ್ಟಿ ಹಿಡಿದು ನಗುತ್ತಿದ್ದರು. ಅವರನ್ನೇ ನೋಡುತ್ತಾ ಕೂತಿದ್ದೆ. ಈ ಸಂಘದಲ್ಲಿ ಎಲ್ಲವನ್ನೂ ಸಿದ್ಧಪಡಿಸುವವರು ಅವರೇ ಎಂದು ಸಾವಿರ ಜನರ ಮುಂದೆ ಚಪ್ಪಾಳೆ ಬಿದ್ದಿದೆ. ನಮ್ಮಲ್ಲಿ ನೇಮಕಕ್ಕೂ ವಜಾಕ್ಕೂ ಅಧ್ಯಕ್ಷರ ಸಹಿಯೊಂದಿದ್ದರೆ ಸಾಕು, ಮಂಡಳಿಯವರು ಆಮೇಲೆ ಟೀ ಕುಡಿದು ಒಪ್ಪಿಗೆ ಕೊಡುತ್ತಾರೆ. ಸರಿ, ಟೈಪ್ ಮಾಡಿದೆ. 'ಕುಮಾರಿ' ಅಲ್ಲ, 'ಶ್ರೀಮತಿ' ಅಲ್ಲ, ಬರೀ 'ಶ್ಯಾಮಲಾ ಇವರನ್ನು ಇಂದಿನಿಂದ ಕಾಯಂ ಆಪರೇಟರ್ ಹುದ್ದೆಗೆ ನೇಮಿಸಲಾಗಿದೆ' ಎಂದು. ಪ್ರಿಂಟ್ ಕೊಟ್ಟೆ. ಒಳಗೆ ಸರಸರ ಸದ್ದಾಯಿತು.

ಜವಾನ ಎತ್ತಿ ಟ್ರೇಗೆ ಹಾಕಿದ. ಬೋರ್‌ವೆಲ್ಲಿನ ಮಾತು ನಡೆಯುತ್ತಿತ್ತು. ಹಸಿರು ಶಾಯಿ ಬಿತ್ತು, ಸೀಲು ಬಿತ್ತು. ಒಂದು ಪ್ರತಿ ನನಗೆ, ಒಂದು ಪ್ರತಿ ಇಂದುಧರರಿಗೆ.

ಇಂದುಧರ ಓದಿದರು. ಇನ್ನೊಂದು ಸಲ ಓದಿದರು. ಆಮೇಲೆ ನನ್ನನ್ನು ಎಬ್ಬಿಸಿಕೊಂಡು ಅಧ್ಯಕ್ಷರ ಕೋಣೆಗೆ ನಡೆದರು.

"ಸಾರ್, ಈ ಆದೇಶ... ಇದನ್ನು ಯಾರು ಸಿದ್ಧಪಡಿಸಿದ್ದು?"

ಕೆಂಚಪ್ಪನವರು ಕಾಗದ ಹಿಡಿದು, ಬಹುಶಃ ಆ ಕೋಣೆಯಲ್ಲಿ ಮೊದಲ ಸಲ, ಓದಿದರು. ಕತ್ತು ಕೆಂಪಾಯಿತು. "ಏನವ್ವ ಇದು?"

"ಕೆಳಗೆ ಹೆಸರಿದೆಯಲ್ಲ ಸಾರ್" ಎಂದೆ. "ಅದು ಸುಳ್ಳು ಅಂದರೆ ಸುಳ್ಳು ಅನ್ನೋಣ. ಆದರೆ ಆಗ ಮಿಕ್ಕ ಚೀಟಿಗಳನ್ನು ಯಾರು ಸಿದ್ಧಪಡಿಸಿದ್ದು ಅಂತ ಇನ್ನೊಂದು ಸಭೆ ಕರೀಬೇಕಾಗುತ್ತೆ."

ಗೋಡೆಯ ಮೇಲೆ ಹೊಸ ಶಾಲಿನ ಫೋಟೊ ಆಗಲೇ ಕಟ್ಟು ಹಾಕಿಸಿಕೊಂಡು ನೇತಾಡುತ್ತಿತ್ತು. ಕೆಂಚಪ್ಪನವರು ಅದನ್ನು ನೋಡಿದರು, ಕಾಗದ ನೋಡಿದರು, ಮತ್ತೆ ಅದನ್ನು ನೋಡಿದರು. ಬಿಸಿತುಪ್ಪ ಬಾಯಿಗೆ ಬಿದ್ದವರ ಹಾಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ಫೋನಿನ ಆ ತುದಿಯಲ್ಲಿ ಬೋರ್‌ವೆಲ್ಲಿನವನು ಹಲೋ ಹಲೋ ಎನ್ನುತ್ತಿದ್ದ.

"ನಾನೇ ಮಾಡಿದ್ದು ಕಣಯ್ಯ" ಎಂದರು ಕೊನೆಗೆ, ಇಂದುಧರರ ಕಡೆ ತಿರುಗದೆ. "ಬೆಳಿಗ್ಗೆ ಬಂದು ಟೈಪ್ ಮಾಡ್ದೆ. ಬೆರಳೆಲ್ಲ ನೋಯ್ತಾವೆ."

ನಾನು ಕೈಮುಗಿದು ಹೊರಗೆ ಬಂದು ನನ್ನ ಜಾಗದಲ್ಲಿ ಕೂತೆ. ಏಳು ವರ್ಷದಲ್ಲಿ ಮೊದಲ ಸಲ, ಸಂಬಳ ಸಹಿತ ರಜೆಗೆ ಒಂದು ಅರ್ಜಿ ಟೈಪ್ ಮಾಡಿ ಪ್ರಿಂಟ್ ಕೊಟ್ಟೆ. ರಜೆ ಮಂಗಳವಾರಕ್ಕೆ. ಅವತ್ತು ಹರಾಜು, ಮೂರೂ ಊರಿನ ಕೊಬ್ಬರಿ ಬರುತ್ತದೆ. ಆದರೆ ಚೀಟಿ ಹೊಡೆಯಲು ಅಧ್ಯಕ್ಷರಿದ್ದಾರಲ್ಲ.